ಟೊಮೆಟೊ ಎಲೆ ಮೇಲೆ ಕಂದು ಉಂಗುರ ಕಂಡ್ರೆ...

ಕುಂಡದಲ್ಲಿರೋ ಟೊಮೆಟೊ ಗಿಡದ ಕೆಳಗಿನ ಎಲೆಗಳನ್ನ ಒಮ್ಮೆ ನೋಡಿ. ಕಂದು ಚುಕ್ಕೆ, ಅದರಲ್ಲಿ ಒಂದರೊಳಗೊಂದು ಉಂಗುರ, ಸುತ್ತ ಹಳದಿ ಇದೆಯಾ? ಅದು ಆಲ್ಟರ್ನೇರಿಯಾ ಅನ್ನೋ ಶಿಲೀಂಧ್ರದಿಂದ ಬರೋ ಅಂಗಮಾರಿ ರೋಗ.

ಸಾಮಾನ್ಯವಾಗಿ ಇದು ಕೆಳಗಿನಿಂದಲೇ ಮೇಲೇರುತ್ತೆ. ಯಾಕೆ ಗೊತ್ತಾ? ಹಳೇ ಗಿಡದ ಕಸದಲ್ಲಿ, ಮಣ್ಣಲ್ಲಿ ಶಿಲೀಂಧ್ರ ಉಳಿದಿರುತ್ತೆ. ಮಳೆಹನಿ ಬಿದ್ದು ಮಣ್ಣು ಸಿಡಿದಾಗ ಮೊದಲು ತಗಲೋದು ಕೆಳಗಿನ ಎಲೆಗೆ. ಆ ಎಲೆ ಕೆಲವು ಗಂಟೆ ಒದ್ದೆಯಾಗಿದ್ರೆ ಸಾಕು, ಬೀಜಕಣ ಮೊಳೆತು ಒಳಗಿಳಿಯುತ್ತೆ.

ಹಾಗಾಗಿ ಔಷಧಿಗಿಂತ ಮೊದಲು ಎಲೆ ಒದ್ದೆಯಾಗದ ಹಾಗೆ ನೋಡ್ಕೊಳ್ಳಿ. ಬೆಳಗ್ಗೆ ಬುಡಕ್ಕೆ ಮಾತ್ರ ನೀರು ಹಾಕಿ. ಮಣ್ಣಿನ ಮೇಲೆ ಒಣ ತರಗೆಲೆ ಹೊದಿಸಿ. ಗಿಡಕ್ಕೆ ಕೋಲು ಕಟ್ಟಿ, ಮಣ್ಣಿಗೆ ತಾಗೋ ಎಲೆಗಳನ್ನ ಚಿವುಟಿಬಿಡಿ. ರೋಗದ ಎಲೆ ಗೊಬ್ಬರದ ಡಬ್ಬಕ್ಕಂತೂ ಬೇಡವೇ ಬೇಡ.

ಆದ್ರೂ ಹರಡ್ತಿದ್ರೆ, ಒಂದು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ, ಎಲೆಯ ಎರಡೂ ಬದಿಗೆ ಸಿಂಪಡಿಸಿ. ಹಾಳಾದ ಎಲೆ ವಾಸಿಯಾಗಲ್ಲ, ಹೊಸ ಎಲೆ ಉಳಿಯುತ್ತೆ. ಸಿಂಪಡಿಸಿದ ಮೇಲೆ ಎಷ್ಟು ದಿನ ಹಣ್ಣು ಕೀಳಬಾರದು ಅಂತ ಪೊಟ್ಟಣದ ಮೇಲೆ ಬರೆದಿರುತ್ತೆ. ದಯವಿಟ್ಟು ಓದಿ, ಮನೆ ಮಕ್ಕಳು ತಿನ್ನೋ ಹಣ್ಣು ಅದು.

ಉಂಗುರ ಇಲ್ಲ, ಬದಲಿಗೆ ನೀರಲ್ಲಿ ನೆಂದಂಥ ಕಪ್ಪು ಕಲೆ, ಎಲೆಯಡಿ ಬಿಳಿ ಬೂಷ್ಟು ಇದ್ರೆ? ಅದು ತಂಪು ಮೋಡದ ದಿನಗಳಲ್ಲಿ ಬರೋ ಇನ್ನೊಂದು ಅಂಗಮಾರಿ. ಕೆಲವೇ ದಿನದಲ್ಲಿ ಇಡೀ ಗಿಡ ತಿಂದುಹಾಕುತ್ತೆ. ಆ ಗಿಡ ಉಳಿಸೋಕೆ ಹೋಗ್ಬೇಡಿ. ಚೀಲದಲ್ಲಿ ಮುಚ್ಚಿ ಕಿತ್ತುಹಾಕಿ, ಪಕ್ಕದ ಗಿಡಗಳನ್ನ ಇವತ್ತೇ ಪರೀಕ್ಷಿಸಿ.