ಹಳೇ ಶರ್ಟ್‌ನಿಂದ ಹೊಸ ಫ್ರಾಕ್: ಸೆಕೆಂಡ್ ಹ್ಯಾಂಡ್ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಇದನ್ನೊಮ್ಮೆ ಓದಿ

ರೀಲ್ಸ್‌ನಲ್ಲಿ ಎಲ್ಲವೂ ಸುಲಭ. ದೊಗಲೆ ಶರ್ಟ್, ಒಂದು ಕತ್ತರಿ, ಹಿನ್ನೆಲೆಗೆ ಒಂದು ಹಾಡು. 30 ಸೆಕೆಂಡ್ ಮುಗಿಯುವಷ್ಟರಲ್ಲಿ ಅದೇ ಬಟ್ಟೆಯ ಚೆಂದದ ಟಾಪ್ ತೊಟ್ಟ ಹುಡುಗಿ ನಗುತ್ತಾ ನಿಂತಿರುತ್ತಾಳೆ. ಅದನ್ನು ನೋಡಿ ದೆಹಲಿಯ ಸರೋಜಿನಿ ನಗರದಿಂದಲೋ, ಪುಣೆಯ ಜುನಾ ಬಜಾರ್‌ನಿಂದಲೋ ನಾಲ್ಕು ಬಟ್ಟೆ ತಂದು, ಅರ್ಧಂಬರ್ಧ ಕತ್ತರಿಸಿ, ಕೊನೆಗೆ ಕಪಾಟಿನ ಮೂಲೆಗೆ ತುರುಕಿದವರು ಬೇಕಾದಷ್ಟು ಮಂದಿ ಇದ್ದಾರೆ.

ಹೆಚ್ಚಿನ ಸಲ ಕೆಲಸ ಕೆಡುವುದು ಬಟ್ಟೆ ಆರಿಸುವಾಗಲೇ. ಅಂಗಡಿಯಲ್ಲಿ ನಾವು ಚೆನ್ನಾಗಿರುವ ಬಟ್ಟೆ ಹುಡುಕುತ್ತೇವೆ. ಬಿಚ್ಚಿ ಹೊಲಿಯುವ ಉದ್ದೇಶವಿದ್ದರೆ ಹುಡುಕಬೇಕಾದ್ದು ಕೆಟ್ಟಿರುವ ಬಟ್ಟೆಯನ್ನು. ಎಲ್ಲಿ ಕೆಟ್ಟಿದೆ ಎಂಬುದಷ್ಟೇ ಮುಖ್ಯ. ಇದೇನಿದು ತಲೆಕೆಳಗು ಮಾತು ಅನ್ನಿಸಬಹುದು. ಅದಕ್ಕೆ ಮೊದಲು ಈ ಬಟ್ಟೆಗಳು ಎಲ್ಲಿಂದ ಬರುತ್ತವೆ ಎಂದು ನೋಡೋಣ.

ಪಾತ್ರೆ ಕೊಟ್ಟು ಪಡೆದ ಸೀರೆ ಎಲ್ಲಿಗೆ ಹೋಗುತ್ತದೆ?

ಹಳೇ ಬಟ್ಟೆ ಕೊಟ್ಟು ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಟಬ್ ಪಡೆಯುವುದು ನಮ್ಮ ಅಮ್ಮಂದಿರಿಗೆ ಗೊತ್ತಿರುವ ವ್ಯಾಪಾರವೇ. ಮುಂಬೈನಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು ಬರುವ ಈ ಹೆಂಗಸರನ್ನು ಭಾಂಡಿವಾಲಿ ಎನ್ನುತ್ತಾರೆ. ದೆಹಲಿ, ಮುಂಬೈ ಕಡೆ ಈ ಕಸುಬಿನಲ್ಲಿರುವವರಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದವರೇ ಹೆಚ್ಚು. ದೇವಿಪೂಜಕ ಎಂಬ ಹೆಸರೂ ಇವರಿಗಿದೆ. ಪಶ್ಚಿಮ ದೆಹಲಿಯ ರಘುಬೀರ್ ನಗರದಲ್ಲಿ ಇವರದೇ ಮಾರುಕಟ್ಟೆ ಇದೆ. ಬೆಳಕು ಹರಿಯುವ ಮುನ್ನವೇ ಅಲ್ಲಿ ವ್ಯಾಪಾರ ಶುರುವಾಗುತ್ತದೆ.

ಹೀಗೆ ಬಂದ ಬಟ್ಟೆಯನ್ನು ದರ್ಜೆವಾರು ಬೇರ್ಪಡಿಸುತ್ತಾರೆ. ಹರಿಯದ, ಕಲೆಯಿಲ್ಲದ ಬಟ್ಟೆಯನ್ನು ಒಗೆದು, ಇಸ್ತ್ರಿ ಹಾಕಿ ಮತ್ತೆ ಮಾರಾಟಕ್ಕೆ ಇಡುತ್ತಾರೆ. ಸಣ್ಣಪುಟ್ಟ ದೋಷ ಇರುವುದಕ್ಕೆ ತೇಪೆ ಬೀಳುತ್ತದೆ. ತೀರಾ ಹಳತಾದ ಹತ್ತಿ ಬಟ್ಟೆ ಗ್ಯಾರೇಜ್, ಕಾರ್ಖಾನೆಗಳಲ್ಲಿ ಗ್ರೀಸ್ ಒರೆಸುವ ಚಿಂದಿಯಾಗುತ್ತದೆ. ಉಣ್ಣೆ ಬಟ್ಟೆಯಾದರೆ ದಾರಿ ಹರಿಯಾಣದ ಪಾಣಿಪತ್‌ಗೆ. ಅಲ್ಲಿ ಅದನ್ನು ಹರಿದು ನಾರಾಗಿಸಿ ಮತ್ತೆ ನೂಲು ತೆಗೆಯುತ್ತಾರೆ. ಆ ನೂಲಿಗೆ ಶಾಡಿ ಎಂದು ಹೆಸರು. ರೈಲಿನಲ್ಲಿ, ನೆರೆ ಪರಿಹಾರ ಶಿಬಿರಗಳಲ್ಲಿ ಕಾಣುವ ಅಗ್ಗದ ಕಂಬಳಿಗಳ ಹಿಂದೆ ಈ ಉದ್ಯಮವೂ ಇದೆ.

ಸರೋಜಿನಿ ನಗರದ ಸರಕು ಸ್ವಲ್ಪ ಬೇರೆ. ಅಲ್ಲಿ ಸಿಗುವುದೆಲ್ಲ ಯಾರೋ ತೊಟ್ಟು ಬಿಟ್ಟದ್ದಲ್ಲ. ರಫ್ತಿಗೆಂದು ಹೊಲಿದು, ತಪಾಸಣೆಯಲ್ಲಿ ತಿರಸ್ಕೃತವಾದ ಅಥವಾ ಹೆಚ್ಚಾಗಿ ಉಳಿದ ಬಟ್ಟೆ ಅಲ್ಲಿಗೆ ಬರುತ್ತದೆ. ಬ್ರ್ಯಾಂಡ್ ಲೇಬಲ್ ಅರ್ಧ ಕತ್ತರಿಸಿರುವುದು ಅದರ ಗುರುತು. ಇನ್ನು ವಿದೇಶಿ ಹಳೇ ಬಟ್ಟೆಯ ಆಮದು ನಮ್ಮಲ್ಲಿ ಮುಕ್ತವಾಗಿಲ್ಲ, ಅದಕ್ಕೆ ಪರವಾನಗಿ ಬೇಕು. ಹಾಗಾಗಿ ‘ಇಂಪೋರ್ಟೆಡ್ ಥ್ರಿಫ್ಟ್’ ಎಂಬ ಹಣೆಪಟ್ಟಿಯೊಂದಕ್ಕೇ ಜಾಸ್ತಿ ದುಡ್ಡು ಕೊಡುವ ಮುನ್ನ ಒಮ್ಮೆ ಯೋಚಿಸಿ.

ಯಾರೂ ಮುಟ್ಟದ ರಾಶಿಯೇ ನಿಮ್ಮದು

ಈ ಮಾರುಕಟ್ಟೆಗಳು ನಡೆಯುವುದು ಯಾರಿಗಾಗಿ? ವೀಕೆಂಡ್‌ನಲ್ಲಿ ಥ್ರಿಫ್ಟಿಂಗ್ ಹೊರಡುವವರಿಗಾಗಿ ಅಲ್ಲ. ಕಟ್ಟಡ ಕೆಲಸದವರು, ಮನೆಗೆಲಸದವರು, ಸೆಕ್ಯುರಿಟಿ ಗಾರ್ಡ್‌ಗಳು ಅಲ್ಲಿ ಒಂದು ಶರ್ಟ್ ಕೊಳ್ಳುವುದು ಅದನ್ನೇ ತೊಟ್ಟು ನಾಳೆ ಕೆಲಸಕ್ಕೆ ಹೋಗಲಿಕ್ಕೆ. ಗಟ್ಟಿಮುಟ್ಟಾದ ದೊಡ್ಡ ಅಳತೆಯ ಶರ್ಟ್ ಒಂದನ್ನು ನಾವು ಕ್ರಾಪ್ ಟಾಪ್ ಮಾಡಲು ಎತ್ತಿಕೊಂಡರೆ, ಅದೇ ಅಳತೆ ಬೇಕಿದ್ದವರಿಗೆ ಒಂದು ಕಡಿಮೆ. ದೊಡ್ಡ ಸೈಜಿನ ಬಟ್ಟೆಗಳು ಹೀಗೆ ಕತ್ತರಿ ಪಾಲಾಗುತ್ತಿವೆ ಎಂಬ ತಕರಾರು ಅಮೆರಿಕ, ಬ್ರಿಟನ್‌ಗಳಲ್ಲಿ ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ನಮ್ಮಲ್ಲೂ ಅದು ಅನ್ವಯಿಸದೆ ಇರುವುದಿಲ್ಲ.

ಹಾಗೇ ತೊಡಬಹುದಾದ ಬಟ್ಟೆಯನ್ನು ಬಿಟ್ಟುಬಿಡಿ. ಕಾಲರ್ ಸವೆದ, ಕಂಕುಳಲ್ಲಿ ಬೆವರಿನ ಹಳದಿ ಕಲೆ ಕೂತ, ಜೇಬಿನ ಮೇಲೆ ಪೆನ್ನಿನ ಶಾಯಿ ಸೋರಿದ ಶರ್ಟ್ ಇದೆಯೇ ಕೇಳಿ. ಅಂಥದ್ದನ್ನು ಹಾಗೇ ತೊಡಲು ಯಾರೂ ಕೊಳ್ಳುವುದಿಲ್ಲ, ಬೆಲೆಯೂ ಇಳಿದಿರುತ್ತದೆ. ಹೊಲಿಯುವವರಿಗೆ ಮಾತ್ರ ಅದರಲ್ಲಿ ಒಂದೂವರೆ ಮೀಟರ್‌ಗೂ ಹೆಚ್ಚು ಒಳ್ಳೆಯ ಬಟ್ಟೆ ಕಾಣಬೇಕು.

ಬಟ್ಟೆ ಸವೆಯುವ ಜಾಗಗಳು ಎಲ್ಲ ಮನುಷ್ಯರಿಗೂ ಒಂದೇ. ಶರ್ಟ್‌ನಲ್ಲಿ ಕಾಲರ್, ಕಫ್, ಮೊಣಕೈ, ಕಂಕುಳು. ಪ್ಯಾಂಟ್‌ನಲ್ಲಿ ಮಂಡಿ, ಕೂರುವ ಜಾಗ, ತೊಡೆಗಳು ಉಜ್ಜುವಲ್ಲಿ. ಶರ್ಟ್‌ನ ಬೆನ್ನಿನ ಕೆಳಭಾಗ ಹಾಗೂ ಇನ್‌ಶರ್ಟ್ ಮಾಡಿದಾಗ ಒಳಗೆ ಹೋಗುವ ಅಂಚು ಹೆಚ್ಚುಕಡಿಮೆ ಹೊಸದರಂತೆಯೇ ಇರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ತೆಳುವಾಗಿರುವ ಕಡೆ ಜರಡಿಯಂತೆ ಬೆಳಕು ತೂರಿ ಬರುತ್ತದೆ. ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ‘ಪರ್’ ಎಂದರೆ ಅಲ್ಲೇ ಇಟ್ಟು ಬನ್ನಿ.

ಒಂದು ಉದಾಹರಣೆ: ಡಬಲ್ ಎಕ್ಸೆಲ್ ಶರ್ಟ್, ನಾಲ್ಕು ವರ್ಷದ ಮಗು

ಹೊಸದಾಗಿ ಹೊಲಿಗೆ ಕಲಿತವರಿಗೆ ಕಷ್ಟವಾಗುವುದು ಎರಡು ಕೆಲಸ: ಗುಂಡಿ ಕಾಜಾ ಮಾಡುವುದು, ಅಂಚನ್ನು ಒಂದೇ ಅಗಲಕ್ಕೆ ಮಡಚಿ ಹೊಲಿಯುವುದು. ಹಳೇ ಶರ್ಟ್‌ನಲ್ಲಿ ಇವೆರಡೂ ಆಗಲೇ ಆಗಿರುತ್ತವೆ. ಅವನ್ನು ಉಳಿಸಿಕೊಂಡೇ ಕತ್ತರಿಸಬೇಕು.

ಡಬಲ್ ಎಕ್ಸೆಲ್ ಶರ್ಟ್‌ನ ಎದೆ ಸುತ್ತಳತೆ ಸುಮಾರು 50 ಇಂಚು, ಉದ್ದ ಸುಮಾರು 31 ಇಂಚು ಇರುತ್ತದೆ. ನಾಲ್ಕು ವರ್ಷದ ಮಗುವಿನ ಎದೆ ಸುತ್ತಳತೆ 22 ಇಂಚಿನ ಆಸುಪಾಸು, ಭುಜದಿಂದ ಮಂಡಿವರೆಗೆ ಫ್ರಾಕ್‌ಗೆ 22ರಿಂದ 24 ಇಂಚು ಸಾಕು. ನಿಮ್ಮ ಮಗುವಿನ ಅಳತೆಯನ್ನು ಟೇಪ್ ಹಿಡಿದೇ ತೆಗೆಯಿರಿ, ಅಂದಾಜು ಬೇಡ.

ಶರ್ಟ್‌ನ ಗುಂಡಿ ಎಲ್ಲ ಹಾಕಿ ನೆಲದ ಮೇಲೆ ಹರವಿ. ಮೊದಲು ತೋಳುಗಳನ್ನು ಹೊಲಿಗೆ ಬಿಚ್ಚಿ ಬೇರೆ ಮಾಡಿ. ಆಮೇಲೆ ಕಂಕುಳಿನ ಕೆಳಗೆ ನೇರವಾಗಿ ಅಡ್ಡ ಗೆರೆ ಎಳೆದು ಶರ್ಟನ್ನು ಎರಡು ಭಾಗ ಮಾಡಿ. ಕೆಳಗಿನ ಭಾಗವೇ ಫ್ರಾಕ್‌ನ ಘೇರು. ಮೇಲಿನ ಭಾಗದಿಂದ ಮೈಭಾಗ ಬರುತ್ತದೆ. ಈಗ ಶರ್ಟನ್ನು ಹಿಂದುಮುಂದು ಮಾಡಿಕೊಳ್ಳಿ. ಶರ್ಟ್‌ನ ಬೆನ್ನು ಫ್ರಾಕ್‌ನ ಮುಂಭಾಗವಾಗಬೇಕು, ಗುಂಡಿ ಪಟ್ಟಿ ಮಗುವಿನ ಬೆನ್ನ ಕಡೆ ಹೋಗಬೇಕು. ಮಗುವಿಗೆ ಸರಿಯಾಗುವ ಒಂದು ಹಳೇ ಫ್ರಾಕನ್ನು ಮೇಲಿನ ಭಾಗದ ನಟ್ಟನಡುವೆ ಇಟ್ಟು, ಸುತ್ತ ಅರ್ಧ ಇಂಚು ಮಾರ್ಜಿನ್ ಬಿಟ್ಟು ಗುರುತು ಹಾಕಿ.

ಹೀಗೆ ಗುರುತು ಹಾಕಿದಾಗ ಕಂಕುಳಿನ ಕಲೆ ಎಲ್ಲಿ ಹೋಯಿತು ನೋಡಿ. ಮಗುವಿನ ಮೈ ಅಗಲ ಶರ್ಟ್‌ನ ಅರ್ಧದಷ್ಟೇ ಇರುವುದರಿಂದ ಎರಡೂ ಪಕ್ಕದ ಕಲೆಯ ಭಾಗ ತಾನಾಗಿ ಗುರುತಿನ ಹೊರಗೆ ಉಳಿಯುತ್ತದೆ. ಕಾಲರ್ ಮೊದಲೇ ಬೇಡ. ಕಫ್ ಕೂಡ ಬೇಡ. ಯಾವ ದೋಷಗಳಿಂದ ಆ ಶರ್ಟ್ ಮೂಲೆ ಸೇರಿತ್ತೋ ಅವೆಲ್ಲವೂ ಕತ್ತರಿಯ ಆಚೆಗೆ. ಜೇಬಿನ ವಿಷಯದಲ್ಲಿ ಮಾತ್ರ ಎಚ್ಚರ. ಅದನ್ನು ಬಿಚ್ಚಿದರೆ ಅಡಿಯ ಬಟ್ಟೆ ಬಿಸಿಲು ಕಾಣದೆ ಗಾಢ ಬಣ್ಣದಲ್ಲೇ ಉಳಿದಿರುತ್ತದೆ, ಚೌಕದ ಗುರುತು ಎದ್ದು ಕಾಣುತ್ತದೆ. ತಿಳಿ ಬಣ್ಣದ ಅಥವಾ ಚೆಕ್ಸ್ ಶರ್ಟ್ ಆರಿಸಿಕೊಂಡರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ.

ಕೆಳಗಿನ 50 ಇಂಚಿನ ಘೇರನ್ನು 26 ಇಂಚಿನ ಮೈಭಾಗಕ್ಕೆ ನೆರಿಗೆ ಹಿಡಿದು ಜೋಡಿಸಬೇಕು. ಹತ್ತಿರ ಹತ್ತಿರ ಎರಡಕ್ಕೆ ಒಂದರ ಲೆಕ್ಕ, ಫ್ರಾಕ್‌ಗೆ ಹೇಳಿ ಮಾಡಿಸಿದಂತೆ. ಉದ್ದ ಹೆಚ್ಚಾದರೆ ಕೆಳ ಅಂಚು ಮುಟ್ಟಬೇಡಿ, ಮೇಲಿನಿಂದ ಕತ್ತರಿಸಿ. ಇಲ್ಲವೇ ಹಿಂದಿನವರು ಮಾಡುತ್ತಿದ್ದಂತೆ ಎರಡು ಇಂಚು ಒಳಕ್ಕೆ ಮಡಚಿ ಒಂದು ಪಟ್ಟಿ ಹೊಲಿದಿಡಿ. ಮುಂದಿನ ವರ್ಷ ಮಗು ಎತ್ತರವಾದಾಗ ಬಿಚ್ಚಿದರಾಯಿತು. ಅರ್ಧ ತೋಳಿನ ಶರ್ಟ್ ಆಗಿದ್ದರೆ ತೋಳಿನ ತುದಿಯ ಹೊಲಿಗೆಯನ್ನು ಹಾಗೇ ಉಳಿಸಿಕೊಂಡು ಮಗುವಿನ ತೋಳು ಕತ್ತರಿಸಬಹುದು. ಉಳಿದ ತುಂಡಿನಿಂದ ಕ್ರಾಸ್ ಪಟ್ಟಿ ತೆಗೆದು ಕೊರಳಿಗೆ ಪೈಪಿಂಗ್ ಕೊಡಿ. ಕೊನೆಯ ಗುಂಡಿಯ ಕೆಳಗೆ ಪಟ್ಟಿ ತೆರೆದೇ ಇರುತ್ತದೆ, ಅದನ್ನು ಹೊಲಿದು ಮುಚ್ಚಿಬಿಡಿ.

ತಿರುಗಿ ದೊಡ್ಡದು ಮಾಡುವುದು ಮಾತ್ರ ಆಗದ ಮಾತು. ರೆಡಿಮೇಡ್ ಶರ್ಟ್‌ಗಳ ಹೊಲಿಗೆಯಲ್ಲಿ ಬಿಚ್ಚಿ ಬಿಡಲು ಮಾರ್ಜಿನ್ ಇರುವುದೇ ಇಲ್ಲ. ದರ್ಜಿ ಹೊಲಿದ ರವಿಕೆ, ಪ್ಯಾಂಟ್‌ಗಳಲ್ಲಿ ಮಾತ್ರ ಒಂದಿಷ್ಟು ಸಿಗುತ್ತದೆ.

ಒಗೆಯದೆ ಕತ್ತರಿಸಬೇಡಿ

ಮನೆಗೆ ತಂದ ಬಟ್ಟೆಯನ್ನು ಕಪಾಟಿನಲ್ಲಿಡುವ ಮೊದಲು ಒಗೆಯಿರಿ. ತಿಗಣೆಯ ಭಯವಿದ್ದರೆ ಹತ್ತಿ ಬಟ್ಟೆಯನ್ನು 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆಯುವುದು ಒಳ್ಳೆಯದು. ಮೊಟ್ಟೆಗಳೂ ಅದರಲ್ಲಿ ಸಾಯುತ್ತವೆ. ರೇಷ್ಮೆ, ಉಣ್ಣೆಗೆ ಈ ಶಿಕ್ಷೆ ಬೇಡ.

ಹಳೇ ಬಟ್ಟೆಯಲ್ಲಿ ಒಂದು ಲಾಭವಿದೆ. ಹತ್ತಾರು ಬಾರಿ ಒಗೆದಿರುವುದರಿಂದ ಅದು ಕುಗ್ಗಬೇಕಾದಷ್ಟು ಕುಗ್ಗಿ ಆಗಿರುತ್ತದೆ. ಅದಕ್ಕೆ ಹೊಸ ಹತ್ತಿ ಬಟ್ಟೆಯ ಲೈನಿಂಗ್ ಕೊಡುವುದಾದರೆ ಹೊಸದನ್ನು ಮೊದಲು ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ, ಹೊರಗಿನದು ಜೋಲುತ್ತದೆ.

ಇದು ಹತ್ತಿಯೋ ಪಾಲಿಯೆಸ್ಟರೋ? ಒಳ ಹೊಲಿಗೆಯ ಕಡೆಯಿಂದ ಬಟ್ಟೆಯದೇ ನಾಲ್ಕು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕ್ ಬಳಿ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ, ಉಣ್ಣೆಗೆ ಕೂದಲು ಸುಟ್ಟ ವಾಸನೆ. ಚಿಕ್ಕ ಮಕ್ಕಳಿಗೆ, ಅದರಲ್ಲೂ ಚೆನ್ನೈ, ಮುಂಬೈ ಸೆಕೆಗೆ ಹತ್ತಿಯೇ ಇರಲಿ.

ಸೂಜಿಯ ವಿಷಯ ಚುಟುಕಾಗಿ ಹೇಳುವುದಾದರೆ, ಸಾಮಾನ್ಯ ಶರ್ಟ್ ಬಟ್ಟೆಗೆ 14 ನಂಬರ್, ತೆಳು ವಾಯಿಲ್‌ಗೆ 11, ಜೀನ್ಸ್‌ಗೆ 16. ಟೀ ಶರ್ಟ್ ಬಟ್ಟೆ ಹಿಗ್ಗುತ್ತದೆ, ನೇರ ಹೊಲಿಗೆ ಹಾಕಿದರೆ ತೊಡುವಾಗ ದಾರ ಪಟ್ ಎಂದು ತುಂಡಾಗುತ್ತದೆ. ಜಿಗ್‌ಜಾಗ್ ಹೊಲಿಗೆಯ ಮಷಿನ್ ಇಲ್ಲದಿದ್ದರೆ ಟೀ ಶರ್ಟ್ ಗೋಜಿಗೆ ಹೋಗಬೇಡಿ. ಕತ್ತರಿಸುವಾಗ ಹಾಸು ಎಳೆ ಮೈಯ ಉದ್ದಕ್ಕೇ ಬರಲಿ. ಶರ್ಟ್‌ನಲ್ಲಿ ಗುಂಡಿ ಪಟ್ಟಿ ಸಾಮಾನ್ಯವಾಗಿ ಹಾಸಿನ ದಿಕ್ಕಿನಲ್ಲೇ ಇರುತ್ತದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು.

ಹಳೇ ಸೀರೆಯಲ್ಲಿ ಐದೂವರೆ ಮೀಟರ್ ಬಟ್ಟೆ ಇರುತ್ತದೆ ನಿಜ. ಆದರೆ ರೇಷ್ಮೆ ಸೀರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇದ್ದರೆ ಆ ಗೆರೆಯುದ್ದಕ್ಕೂ ಸೀಳುತ್ತದೆ. ಬಿಗಿಯಾದ ರವಿಕೆಗೆ ಅಂಥದ್ದು ಬೇಡ. ಸಡಿಲ ಕುರ್ತಾ, ಮಕ್ಕಳ ಲಂಗಕ್ಕೆ ಲೈನಿಂಗ್ ಕೊಟ್ಟು ಬಳಸಬಹುದು. ಸೀರೆಯ ಅಂಚು ಲಂಗದ ಕೆಳಗೆ ಬರುವಂತೆ ನೋಡಿಕೊಂಡರೆ ಮಡಚಿ ಹೊಲಿಯುವ ಕೆಲಸವೂ ಉಳಿಯಿತು.

ಟೈಲರ್ ಯಾಕೆ ‘ಆಗಲ್ಲ’ ಅಂತಾರೆ?

ಮನೆಯಲ್ಲಿ ಮಷಿನ್ ಇಲ್ಲದವರು ಬೀದಿ ಕೊನೆಯ ಆಲ್ಟರೇಷನ್ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಆಗಲ್ಲ, ಹೊಸ ಬಟ್ಟೆ ತನ್ನಿ’. ಅವರದು ಸೋಮಾರಿತನವಲ್ಲ. ಒಂದು ಶರ್ಟ್‌ನ ಹೊಲಿಗೆ ಪೂರ್ತಿ ಬಿಚ್ಚಲು ಹೊಸ ಫ್ರಾಕ್ ಹೊಲಿಯುವಷ್ಟೇ ಹೊತ್ತು ಹಿಡಿಯಬಹುದು, ಆ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ. ಹಳೇ ಬಟ್ಟೆ ಹೊಲಿಯುವಾಗ ಹರಿದರೆ ದೂರು ಅವರ ತಲೆಗೇ. ರಿಫ್ಯಾಷನ್ ಮಾಡಿದ ಬಟ್ಟೆಗೆ ಆನ್‌ಲೈನ್‌ನಲ್ಲಿ ಸಾವಿರಾರು ರೂಪಾಯಿ ಬೆಲೆ ಕಂಡು ಹುಬ್ಬೇರಿಸುವ ನಾವು, ಟೈಲರ್ ಹತ್ತಿರ ಇದೇ ಕೆಲಸಕ್ಕೆ ನೂರಕ್ಕೆ ಚೌಕಾಸಿ ಮಾಡುತ್ತೇವೆ.

ಇದಕ್ಕೊಂದು ದಾರಿ ಇದೆ. ಬಿಚ್ಚುವ ಕೆಲಸ ನೀವೇ ಮಾಡಿ. ಸೀಮ್ ರಿಪ್ಪರ್ ಎಂಬ ಪುಟ್ಟ ಸಾಧನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೇ ಸಿಗುತ್ತದೆ. ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೊಂದರಂತೆ ಕತ್ತರಿಸಿ, ಇನ್ನೊಂದು ಬದಿಯ ದಾರ ಎಳೆದರೆ ಉದ್ದಕ್ಕೆ ಬಂದುಬಿಡುತ್ತದೆ. ಬಿಚ್ಚಿದ ತುಂಡುಗಳನ್ನು ಒಗೆದು, ಇಸ್ತ್ರಿ ಮಾಡಿ, ಕಲೆ ಇರುವಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅಳತೆಗೊಂದು ಬಟ್ಟೆ ಜೊತೆಗಿಟ್ಟು ಕೊಡಿ. ಆಗ ಟೈಲರ್ ಮುಂದೆ ಇರುವುದು ಬರೀ ಬಟ್ಟೆ, ಕತ್ತರಿಸಿ ಹೊಲಿಯುವುದಷ್ಟೇ ಅವರ ಪಾಲಿಗೆ. ಅಂದಹಾಗೆ ಬೆಂಗಳೂರಿನಲ್ಲಿ ನಾವು ಓವರ್‌ಲಾಕ್ ಎನ್ನುವುದನ್ನು ಮುಂಬೈ, ದೆಹಲಿಯ ಅಂಗಡಿಗಳಲ್ಲಿ ಇಂಟರ್‌ಲಾಕ್ ಎಂದು ಕೇಳಬೇಕು. ಹಳೇ ಬಟ್ಟೆಯ ಎಳೆ ಬೇಗ ಬಿಚ್ಚಿಕೊಳ್ಳುವುದರಿಂದ ಅದನ್ನು ಮರೆಯದೆ ಹಾಕಿಸಿ.

ಉಳಿದ ಚೂರುಗಳು

ಫ್ರಾಕ್ ಆದ ಮೇಲೂ ತೋಳಿನ ತುಂಡು, ಬೆನ್ನಿನ ಪಟ್ಟಿ ಮಿಗುತ್ತವೆ. ಗುಂಡಿ, ಜಿಪ್ ತೆಗೆದಿಟ್ಟುಕೊಳ್ಳಿ. ಶುಚಿಯಾದ ಹತ್ತಿ ಬಟ್ಟೆ ಸಾಕಷ್ಟಿದ್ದರೆ ಗೂಂಜ್ ಸಂಸ್ಥೆಗೆ ಕೊಡಬಹುದು. 1999ರಲ್ಲಿ ಅಂಶು ಗುಪ್ತಾ ದೆಹಲಿಯಲ್ಲಿ ಆರಂಭಿಸಿದ ಈ ಸಂಸ್ಥೆ ಹಳೇ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ತಯಾರಿಸಿ ಹಳ್ಳಿಗಳಿಗೆ ತಲುಪಿಸುತ್ತದೆ.

ಇಲ್ಲವೇ ಕೌದಿ ಇದ್ದೇ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸವೆದ ಸೀರೆ, ಧೋತರ ಸೇರಿಸಿ ಹೊಲಿಯುವ ಕೌದಿಯನ್ನೇ ಮಹಾರಾಷ್ಟ್ರದಲ್ಲಿ ಗೋಧಡಿ ಎನ್ನುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ಇನ್ನೂ ವಿಶೇಷ. ಮೊದಲೇ ವಿನ್ಯಾಸ ಬರೆದುಕೊಳ್ಳುವುದಿಲ್ಲ. ಒಂದು ಅಂಚಿನಿಂದ ಶುರು ಮಾಡಿ, ಕೈಗೆ ಸಿಕ್ಕ ಚೂರುಗಳನ್ನು ಮಡಚಿ ಇಡುತ್ತಾ, ಸುತ್ತ ಸುತ್ತಿ ನಡುವಿನವರೆಗೆ ಕೈಹೊಲಿಗೆ ಹಾಕುತ್ತಾ ಹೋಗುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ‘ಫುಲ’ ಕೂಡಿಸುತ್ತಾರೆ. ಅದಿಲ್ಲದ ಕೌದಿಯನ್ನು ಅವರು ಪೂರ್ತಿಯಾಯಿತು ಎಂದು ಒಪ್ಪುವುದಿಲ್ಲ.