ಉಪ್ಪುನೀರಿನಲ್ಲಿ ಮುಳುಗುವವರ ಚೂರಿ

ಮೀನು ಕೊಯ್ದ ಕತ್ತಿಯನ್ನು ತೊಳೆಯದೆ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಅದರ ಮೈಮೇಲೆ ಕೆಂಪು ಕಲೆಗಳು ಕಾಣುವವೆಂಬದನ್ನು ಕರಾವಳಿಯ ಗೃಹಿಣಿಯರೆಲ್ಲರೂ ಬಲ್ಲರು. ಹಾಗಾದರೆ ಸಮುದ್ರದ ನೀರಿನೊಳಗೇ ಇಳಿಯತಕ್ಕ ಚೂರಿಯ ಗತಿಯೇನು? ಗಾಳಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ನೀರಿನಡಿಯಲ್ಲಿ ಸಂಚರಿಸುವ ಸ್ಕೂಬಾ ವಿದ್ಯೆಯು ಈಗ ನಮ್ಮ ನಾಡಿಗೂ ಬಂದಿದೆ. ಮುರುಡೇಶ್ವರಕ್ಕೆದುರಾಗಿ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಬಳಿ ಹೆಣ್ಣುಮಕ್ಕಳೂ ಮುಳುಗುತ್ತಾರೆ. ಆದುದರಿಂದ ಈ ಪ್ರಶ್ನೆಯು ತಾಯಿತಂದೆಗಳಿಗೂ ಸಂಬಂಧಪಟ್ಟದ್ದಾಗಿದೆ.

ಈ ಚೂರಿಯು ಆಯುಧವಲ್ಲ. ಮೀನುಗಾರರು ಕಳಕೊಂಡ ಬಲೆಗಳೂ ಗಾಳದ ದಾರಗಳೂ ಬಂಡೆಗಳಿಗೆ ಸಿಕ್ಕಿ ಸಮುದ್ರದಲ್ಲಿ ಉಳಿದುಬಿಡುತ್ತವೆ. ಹಿಂದಿನ ಹತ್ತಿಯ ಬಲೆಗಳು ಕೊಳೆತು ಹೋಗುತ್ತಿದ್ದವು. ಈಗಿನ ನೈಲಾನ್ ಬಲೆಗಳು ಬಹುಕಾಲ ಹಾಗೆಯೇ ಇರುತ್ತವೆ, ಮತ್ತು ನೀರಿನೊಳಗೆ ಅವುಗಳ ಎಳೆಗಳು ಕಣ್ಣಿಗೆ ಬೀಳುವದೇ ಕಷ್ಟ. ಮುಳುಗುವವಳ ಬಳಿಯಲ್ಲಿರುವ ಗಾಳಿಯಾದರೋ ಮಿತವಾದದ್ದು. ಕಾಲಿಗಾಗಲಿ ಬೆನ್ನ ಮೇಲಿನ ಸಿಲಿಂಡರಿಗಾಗಲಿ ದಾರವು ಸುತ್ತಿಕೊಂಡರೆ, ಆ ಗಳಿಗೆಯಲ್ಲಿ ಚೂರಿಯು ಒರೆಯಿಂದ ಸರಾಗವಾಗಿ ಹೊರಗೆ ಬರಬೇಕು ಮತ್ತು ಕೂಡಲೇ ಕತ್ತರಿಸಬೇಕು. ತುಕ್ಕು ಹಿಡಿದು ಒರೆಗೆ ಅಂಟಿಕೊಂಡಿರುವ ಚೂರಿಯು ಚೂರಿ ಇಲ್ಲದಿರುವದಕ್ಕಿಂತಲೂ ಕೇಡು. ಯಾಕಂದರೆ ಅದನ್ನು ನಂಬಿಕೊಂಡೇ ನೀರಿಗಿಳಿದಿರುತ್ತೇವೆ.

ಅಂಗಡಿಯವನು "ಇದು ಸ್ಟೇನ್‌ಲೆಸ್ ಸ್ಟೀಲ್" ಎಂದು ಹೇಳಿದ ಮಾತ್ರಕ್ಕೆ ನಾವು ನಿಶ್ಚಿಂತರಾಗಕೂಡದು. ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ 1913ರಲ್ಲಿ ಹ್ಯಾರಿ ಬ್ರೆಯರ್ಲಿ ಎಂಬವರು ಉಕ್ಕಿಗೆ ಕ್ರೋಮಿಯಂ ಎಂಬ ಲೋಹವನ್ನು ಕೂಡಿಸಿ, ಚೂರಿಗಳಿಗೆ ತಕ್ಕದಾದ ಇಂಥ ಉಕ್ಕನ್ನು ತಯಾರಿಸಿದರು. ನೂರಕ್ಕೆ ಸುಮಾರು 10.5 ಪಾಲು ಕ್ರೋಮಿಯಂ ಇದ್ದರೆ ಅದು ಗಾಳಿಯ ಆಮ್ಲಜನಕದೊಡನೆ ಸೇರಿ, ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪೊರೆಯಾಗುತ್ತದೆ. ಈ ಪೊರೆಯೇ ಉಕ್ಕಿನ ಕವಚ. ಗೀರು ಬಿದ್ದರೂ ಆಮ್ಲಜನಕವು ಸಿಕ್ಕಿದ ಕೂಡಲೆ ಅದು ತಿರಿಗಿ ಕೂಡಿಕೊಳ್ಳುತ್ತದೆ. ಆದರೆ ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅವುಗಳಲ್ಲಿರುವ ಕ್ಲೋರೈಡು ಈ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಉಕ್ಕಿನಲ್ಲಿ ಸಣ್ಣ ಸಣ್ಣ ಕುಳಿಗಳನ್ನು ಕೊರೆಯುತ್ತದೆ.

ಇಲ್ಲಿ ಇನ್ನೊಂದು ತೊಡಕುಂಟು. ಚೂರಿಯ ಬಾಯಿ ಗಟ್ಟಿಯಾಗಿ, ಹರಿತವು ಬಹುಕಾಲ ನಿಲ್ಲಬೇಕಾದರೆ ಉಕ್ಕಿನಲ್ಲಿ ಇಂಗಾಲವಿರಬೇಕು. ಆದರೆ ಇಂಗಾಲವು ಕ್ರೋಮಿಯಂನ ಒಂದು ಪಾಲನ್ನು ತನ್ನೊಡನೆ ಕಟ್ಟಿಹಾಕುವದರಿಂದ ಕವಚಕ್ಕೆ ಉಳಿಯುವ ಕ್ರೋಮಿಯಂ ಕಡಿಮೆಯಾಗುತ್ತದೆ. ಹೀಗೆ ಹರಿತವನ್ನು ಹೆಚ್ಚಿಸಹೋದರೆ ತುಕ್ಕಿನ ಭಯವು ಹೆಚ್ಚುವದು. ತುಕ್ಕಿನ ಭಯವನ್ನು ತಗ್ಗಿಸಹೋದರೆ ಹರಿತದ ಬಾಳಿಕೆಯು ತಗ್ಗುವದು.

ಅಂಗಡಿಯಲ್ಲಿ ಹೇಳುವ ಅಂಕೆಗಳ ಅರ್ಥವು ಇದರಿಂದ ತಿಳಿಯುತ್ತದೆ. 440ಸಿ ಎಂಬ ಉಕ್ಕಿನಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇಂಗಾಲವಿರುವದರಿಂದ ಹರಿತವು ಚೆನ್ನಾಗಿ ನಿಲ್ಲುತ್ತದೆ, ಆದರೆ ಉಪ್ಪುನೀರಿನಲ್ಲಿ ಬೇಗ ಕಲೆ ಬೀಳುತ್ತದೆ. 420 ಎಂಬದರಲ್ಲಿ ಇಂಗಾಲವು ಇದಕ್ಕಿಂತ ಕಡಿಮೆ. ಶ್ರದ್ಧೆಯಿಂದ ತೊಳೆಯುವವರಿಗೆ ಅದು ಸಾಕು. 316 ಎಂಬದರಲ್ಲಿ ನಿಕಲ್ ಲೋಹವೂ ನೂರಕ್ಕೆ ಎರಡು ಮೂರು ಪಾಲು ಮಾಲಿಬ್ಡಿನಂ ಲೋಹವೂ ಸೇರಿರುವದರಿಂದ ಅದು ಉಪ್ಪನ್ನು ಬಹಳ ಮಟ್ಟಿಗೆ ತಾಳುತ್ತದೆ. ಆದರೆ ಕಾಯಿಸಿ ಹದಗೊಳಿಸಿ ಅದನ್ನು ಗಟ್ಟಿಮಾಡಲು ಬರುವದಿಲ್ಲ, ಆದುದರಿಂದ ಬೇಗ ಮೊಂಡಾಗುತ್ತದೆ. ಇಂಗಾಲದ ಬಹುಪಾಲಿನ ಬದಲಿಗೆ ಸಾರಜನಕವನ್ನು ಕೂಡಿಸಿ ಮಾಡಿದ ಹೊಸ ಉಕ್ಕುಗಳೂ ದೊರೆಯುತ್ತವೆ. ಇವು ಎರಡು ಗುಣಗಳನ್ನೂ ಹೆಚ್ಚುಕಡಿಮೆ ಹೊಂದಿಸಿಕೊಂಡಿವೆ, ಬೆಲೆ ಮಾತ್ರ ಹೆಚ್ಚು. ಟೈಟೇನಿಯಂ ಕಬ್ಬಿಣವೇ ಅಲ್ಲವಾದ್ದರಿಂದ ಅದಕ್ಕೆ ತುಕ್ಕೆಂಬದಿಲ್ಲ. ಅದರ ತೂಕವು ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು. ಬೆಲೆಯೇನೋ ದೊಡ್ಡದು, ಹರಿತವು ಒಳ್ಳೆಯ ಉಕ್ಕಿನಷ್ಟು ನಿಲ್ಲದು.

ಹಾಗಾದರೆ ಯಾವದನ್ನು ಆರಿಸತಕ್ಕದ್ದು? ಅಡಿಗೆಮನೆಯ ಕತ್ತಿಗೆ ದಿನವೂ ಕೆಲಸವಿರುವದರಿಂದ ಕೊಯ್ದು ಕೊಯ್ದು ಅದು ಮೊಂಡಾಗುತ್ತದೆ. ಮುಳುಗುವವರ ಚೂರಿಯಾದರೋ ತಿಂಗಳುಗಟ್ಟಲೆ ಏನನ್ನೂ ಕೊಯ್ಯದೆ ಒರೆಯಲ್ಲಿಯೇ ಇದ್ದೀತು. ಅದರ ಹರಿತವನ್ನು ಕೆಡಿಸುವದು ಕೆಲಸವಲ್ಲ, ತುಕ್ಕು. ಆದುದರಿಂದ ಹರಿತದ ಬಾಳಿಕೆಗಿಂತ ಮೊದಲು ತುಕ್ಕನ್ನು ತಾಳುವ ಗುಣವನ್ನೇ ನೋಡಬೇಕೆಂಬದು ನಮ್ಮ ಅಭಿಪ್ರಾಯ. ಮೊಂಡಾದದ್ದನ್ನು ಮನೆಯಲ್ಲಿ ಮಸೆಯಬಹುದು. ತುಕ್ಕು ಕೊರೆದ ಕುಳಿಯನ್ನು ತುಂಬಲಾಗದು.

ಆಕಾರದ ವಿಷಯದಲ್ಲಿಯೂ ಎರಡು ಮಾತು. ಅಲಗು ಗಿಡ್ಡವಾಗಿರಲಿ, ತನಗೂ ಜೊತೆಯವರಿಗೂ ಚುಚ್ಚದಂತೆ ತುದಿಯು ಮೊಂಡಾಗಿರಲಿ. ಒಂದು ಬದಿ ನುಣುಪಾಗಿಯೂ ಇನ್ನೊಂದು ಬದಿ ದಪ್ಪ ಹಗ್ಗವನ್ನು ಕೊಯ್ಯಲು ಗರಗಸದಂತೆ ಹಲ್ಲುಳ್ಳದ್ದಾಗಿಯೂ ಇರಲಿ. ಹಿಡಿಯನ್ನು ಬಿಚ್ಚಿ ತೊಳೆಯಲು ಬರಬೇಕು. ಯಾಕಂದರೆ ಹಿಡಿಯ ಸಂದಿನಲ್ಲಿ ನಿಂತ ಉಪ್ಪುನೀರಿಗೆ ಆಮ್ಲಜನಕವು ಸಾಲದೆ ಪೊರೆಯು ತಿರಿಗಿ ಕೂಡಲಾರದು, ತುಕ್ಕು ಅಲ್ಲಿಯೇ ಮೊದಲಾಗುವದು. ಒರೆಯ ಅಡಿಯಲ್ಲಿ ನೀರು ಬಸಿಯಲು ತೂತಿರಬೇಕು. ಎಡಗೈಗೂ ಬಲಗೈಗೂ ಎಟಕುವ ಸ್ಥಳದಲ್ಲಿ ಅದನ್ನು ಕಟ್ಟಿಕೊಳ್ಳಬೇಕು.

ಪ್ರತಿಸಾರಿ ನೀರಿನಿಂದ ಬಂದ ಮೇಲೆ ಚೂರಿಯನ್ನೂ ಒರೆಯನ್ನೂ ಬೇರೆಬೇರೆಯಾಗಿ ಸಿಹಿನೀರಿನಲ್ಲಿ ತೊಳೆದು, ಒರಸಿ, ಪೂರಾ ಒಣಗಿಸಿ, ಅಲಗಿಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಬೇಕು. ಒದ್ದೆಯಾದ ಒರೆಯಲ್ಲಿ ಅದನ್ನು ಎಂದಿಗೂ ಇಡಬಾರದು. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲಿ ಒಯ್ಯಲಾಗದೆಂಬದನ್ನು ನೆನಪಿಡಲಿ.

ಗುರುವಿನ ಕೈಹಿಡಿದು ಒಂದೇ ಸಾರಿ ಮುಳುಗಿ ನೋಡುವ ಹುಡುಗಿಗೆ ಚೂರಿಯ ಅಗತ್ಯವಿಲ್ಲ. ಆದರೆ ವಿದ್ಯೆಯನ್ನು ಕ್ರಮವಾಗಿ ಕಲಿತು ಅನೇಕಾವರ್ತಿ ಸಮುದ್ರಕ್ಕಿಳಿಯುವ ಮಗಳಿಗೆ ಅದನ್ನು ಕೊಡಿಸುವ ತಾಯಿತಂದೆಗಳು, ಬೆಲೆಯನ್ನು ಕೇಳುವದಕ್ಕಿಂತ ಮೊದಲು ಉಕ್ಕು ಯಾವದೆಂದು ಕೇಳಲಿ. ಕಣ್ಣು ಮುಚ್ಚಿಕೊಂಡು ಎರಡು ಕೈಗಳಿಂದಲೂ ಅದನ್ನು ಒರೆಯಿಂದ ತೆಗೆಯುವ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಸಲಿ.