ಒಂದೇ ಮಣೆ, ಹಲವು ಬಗೆಯ ಆಟ

ನಿಮ್ಮ ಮನೆಯ ಮಕ್ಕಳು ಫೋನನ್ನು ಮೊಣಕಾಲಿಗೆ ಆನಿಸಿಕೊಂಡು, ಬಣ್ಣದ ಹರಳುಗಳನ್ನು ಬೆರಳ ತುದಿಯಿಂದ ಅತ್ತಿತ್ತ ಸರಿಸುತ್ತ ಕುಳಿತಿರುವುದನ್ನು ನೀವು ಕಂಡೇ ಇರುತ್ತೀರಿ. ಮಲೆನಾಡಿನಲ್ಲಂತೂ, ಕೊಪ್ಪವಾಗಲಿ ಶೃಂಗೇರಿಯಾಗಲಿ ನರಸಿಂಹರಾಜಪುರವಾಗಲಿ, ಆಷಾಢದ ಮಳೆ ಹಿಡಿದುಕೊಂಡಿತೆಂದರೆ ಮಕ್ಕಳ ಪಾಲಿಗೆ ಅಂಗಳವೇ ಇಲ್ಲ. ದೊಡ್ಡವರು ಅಡಕೆಗೆ ಬೋರ್ಡೋ ದ್ರಾವಣ ಹೊಡೆಯಿಸಲು ಹೊಳವು ಕಾಯುತ್ತ ಜಗಲಿಯಲ್ಲಿ ಕುಳಿತಿರುತ್ತಾರೆ; ಮಕ್ಕಳು ಒಳಗೆ ಫೋನು ಹಿಡಿದಿರುತ್ತಾರೆ. ಊಟಕ್ಕೆ ಕರೆದರೆ "ಇದೊಂದು ಮುಗಿಸಿ ಬರ್ತೇನೆ" ಎಂಬ ಉತ್ತರ. ಅರ್ಧ ಗಂಟೆಯ ಮೇಲೆ ಅಜ್ಜಿ ಬಂದು, "ಎಂಥದು ಮಾರಾಯ ಅದು? ಮುಗಿಯೂದು ಯಾವಾಗ?" ಎಂದು ಕೇಳುತ್ತಾರೆ.

ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಅದರ ಉತ್ತರ ಆಟದ ಹೆಸರಿನಲ್ಲಿಲ್ಲ, ಆಟದ ಬಗೆಯಲ್ಲಿದೆ. ಒಂದೇ ಆಟವನ್ನು ಹಲವು ಬಗೆಯಾಗಿ ಆಡುವ ಏರ್ಪಾಡು ಆ ಫೋನಿನಲ್ಲಿ ಉಂಟು. ಮಕ್ಕಳು ಅದನ್ನು 'ಮೋಡ್' ಎನ್ನುತ್ತಾರೆ. ಹರಳು ಅವೇ, ಕೂಡಿಸುವ ನಿಯಮವೂ ಅದೇ. ಆದರೆ ಬಗೆ ಬದಲಾಯಿತೆಂದರೆ ಆಡುವವನು ಯಾವುದರೊಡನೆ ಸೆಣಸುತ್ತಾನೆ, ಆಟ ಎಲ್ಲಿಗೆ ನಿಲ್ಲುತ್ತದೆ ಎಂಬೆರಡೂ ಬದಲಾಗಿಬಿಡುತ್ತವೆ. ಇದನ್ನು ಅರಿಯಲು ಫೋನಿನ ಪಾಂಡಿತ್ಯ ಬೇಕಿಲ್ಲ. ಚೆನ್ನೆಮಣೆಯ ಮುಂದೆ ಕುಳಿತು ಬಲ್ಲವರಿಗೆ ಇದರಲ್ಲಿ ಅರ್ಧ ಗೊತ್ತಿರುವಂಥದೇ.

ಮೊದಲು ಹರಳಿನ ಆಟದ ಮೂಲಕ್ರಮವನ್ನು ನೋಡೋಣ. ಚದುರಂಗದ ಹಾಸಿನಂತೆ ಎಂಟೆಂಟು ಮನೆಗಳ ಚೌಕ. ಒಟ್ಟು ೬೪ ಮನೆ, ಮನೆಗೊಂದು ಹರಳು. ಅಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿದಾಗ ಒಂದೇ ಬಗೆಯ ಮೂರು ಒಂದು ಸಾಲಿಗೆ ಬಂದರೆ ಆ ಮೂರೂ ಮಾಯವಾಗುತ್ತವೆ. ಮೇಲಿನವು ಜಾರಿ ಕೆಳಗಿಳಿಯುತ್ತವೆ, ತೆರವಾದ ಮನೆಗಳಿಗೆ ಮೇಲಿನಿಂದ ಹೊಸವು ಬೀಳುತ್ತವೆ. ಬಿದ್ದವು ತಾವಾಗಿಯೇ ಮೂರು ಕೂಡಿದರೆ ಅವೂ ಮಾಯ. ಹೀಗೆ ಸರಪಳಿ ಬೆಳೆಯುತ್ತದೆ. ೨೦೦೧ರಲ್ಲಿ ಬಂದ ಬಿಜ್ಯುವೆಲ್ಡ್ ಎಂಬ ಅಮೆರಿಕದ ಆಟ ಈ ಕ್ರಮವನ್ನು ಲೋಕಕ್ಕೆಲ್ಲ ಹಬ್ಬಿಸಿತು. ರಷ್ಯದಲ್ಲಿ ೧೯೯೪ರಷ್ಟು ಹಿಂದೆಯೇ ಶಾರಿಕಿ ಎಂಬ ಇದೇ ಜಾತಿಯ ಆಟವಿತ್ತು. ಇವೆಲ್ಲಕ್ಕೂ ಹಿರಿಯದು ಟೆಟ್ರಿಸ್. ೧೯೮೪ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬವರು ಅದನ್ನು ರಚಿಸಿದರು. ಅದರಲ್ಲಿ ನಾಲ್ಕು ಚೌಕಗಳ ತುಂಡುಗಳು ಮೇಲಿನಿಂದ ಇಳಿಯುತ್ತವೆ. ಒಂದು ಅಡ್ಡಸಾಲು ಸಂದಿಲ್ಲದೆ ತುಂಬಿತೆಂದರೆ ಆ ಸಾಲು ಕರಗುತ್ತದೆ.

ಇನ್ನು ನಮ್ಮ ಮಣೆ. ಮಲೆನಾಡಿಗೂ ಕರಾವಳಿಗೂ ಇದು ಚೆನ್ನೆಮಣೆ. ಹಳೆ ಮೈಸೂರಿನ ಕಡೆಯವರಿಗೆ ಅಳಗುಳಿಮಣೆ. ಈಚೆ ಏಳು ಗುಳಿ, ಆಚೆ ಏಳು ಗುಳಿ. ಗುಳಿಗೆ ನಾಲ್ಕೊ ಐದೊ ಹುಣಸೆಬೀಜವನ್ನೊ ಕವಡೆಯನ್ನೊ ಕೆಂಪು ಮಂಜೊಟ್ಟಿಯನ್ನೊ ಇಟ್ಟು ಆರಂಭ. ತನ್ನ ಕಡೆಯ ಒಂದು ಗುಳಿಯನ್ನು ಬರಿದುಮಾಡಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗುವುದು. ಕೈ ಬರಿದಾದೊಡನೆ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಹಂಚುವುದು. ಮುಂದಿನ ಗುಳಿ ಖಾಲಿಯಾಗಿದ್ದರೆ ಅದರಾಚೆಯದನ್ನು ಗೆದ್ದುಕೊಂಡು ಕೈ ಬಿಡುವುದು. ಹಂಚುವಾಗ ಒಂದು ಗುಳಿಯಲ್ಲಿ ಸರಿಯಾಗಿ ನಾಲ್ಕು ಕೂಡಿದರೆ ಆ ನಾಲ್ಕನ್ನು ತೆಗೆದುಕೊಳ್ಳುವ ಕ್ರಮ ಬಹಳ ಮನೆಗಳಲ್ಲಿ ಉಂಟು. ಊರಿಂದೂರಿಗೆ, ಒಮ್ಮೊಮ್ಮೆ ಅತ್ತೆಯ ಮನೆಗೂ ತವರಿಗೂ, ಕ್ರಮ ಬೇರೆಯಾದೀತು. ಅದಿರಲಿ. ಅಲ್ಲಿ ಮೂರು ಕೂಡಿದರೆ ಮಾಯ, ಇಲ್ಲಿ ನಾಲ್ಕು ಕೂಡಿದರೆ ಕೈಗೆ. ಅಲ್ಲಿ ಒಂದು ನಡೆಯಿಂದ ಸರಪಳಿ ಬೆಳೆದರೆ ಇಲ್ಲಿ ಒಂದು ಹಿಡಿಯಿಂದ ಇನ್ನೊಂದು ಹಿಡಿ ಬೆಳೆಯುತ್ತದೆ. ಎರಡರ ರುಚಿಯೂ ಒಂದೇ ಕಡೆಯಿಂದ ಹುಟ್ಟಿದ್ದು.

ಆದರೆ ಒಂದು ದೊಡ್ಡ ಅಂತರವಿದೆ. ಚೆನ್ನೆಮಣೆಯಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಎಲ್ಲ ಬೀಜವೂ ಇಬ್ಬರ ಕಣ್ಣೆದುರಿಗೇ ಇದೆ. ಎಣಿಕೆ ಬಲ್ಲ ಮುದುಕಿ ಗುಳಿಗೆ ಕೈಹಾಕುವ ಮೊದಲೇ ಎಲ್ಲಿಗೆ ಹೋಗಿ ನಿಲ್ಲುವೆನೆಂದು ತಿಳಿದಿರುತ್ತಾಳೆ. ಫೋನಿನಲ್ಲಿ ಮೇಲಿನಿಂದ ಮುಂದೆ ಬೀಳುವ ಹರಳು ಯಾವುದೆಂದು ಯಾರೂ ಕಾಣರು. ಹುಡುಗ ಒಂದು ನಡೆ ನಡೆಸಿದ. ಸರಸರನೆ ಐದಾರು ಸರಪಳಿ ಕಳಚಿದವು. ಅಂಕಿ ಏರಿತು, ಗಂಟೆ ಬಾರಿಸಿತು. ಅದರಲ್ಲಿ ಅವನ ಎಣಿಕೆಯೆಷ್ಟು, ಬಿದ್ದ ಹರಳಿನ ಅದೃಷ್ಟವೆಷ್ಟು? ಎರಡನ್ನೂ ಒಂದೇ ಗಂಟೆ ಕೊಂಡಾಡುವುದರಿಂದ ಅವನಿಗೆ ಗೊತ್ತಾಗುವುದಿಲ್ಲ. ಹಾಗೆಂದು ಈ ಆಟದಲ್ಲಿ ಬುದ್ಧಿಗೆ ಕೆಲಸವಿಲ್ಲವೆಂದು ತಿಳಿಯಬಾರದು. ಹರಳು ಕೂಡಿಸುವ ಈ ಆಟಗಳ ಲೆಕ್ಕವು ಗಣಕಯಂತ್ರಕ್ಕೂ ಬಹು ಕಠಿಣವಾದ ಲೆಕ್ಕಗಳ ಗುಂಪಿಗೆ ಸೇರಿದ್ದೆಂದು ೨೦೧೪ರಲ್ಲಿ ವಿದ್ವಾಂಸರು ಸಾಧಿಸಿ ತೋರಿಸಿದ್ದಾರೆ. ಬುದ್ಧಿಗೆ ಕೆಲಸ ಸಿಗುವುದೊ ಬಿಡುವುದೊ ಆರಿಸಿಕೊಂಡ ಬಗೆಯ ಮೇಲಿದೆ.

೨೦೦೪ರಲ್ಲಿ ಬಂದ ಬಿಜ್ಯುವೆಲ್ಡ್‌ನ ಎರಡನೆಯ ಆವೃತ್ತಿಯಲ್ಲಿ ನಾಲ್ಕು ಬಗೆಗಳಿದ್ದವು. ಇಂದಿನ ಫೋನಿನ ಆಟಗಳ ಬಗೆಗಳಲ್ಲಿ ಬಹಳಷ್ಟು ಆ ನಾಲ್ಕರ ಮಕ್ಕಳು ಮೊಮ್ಮಕ್ಕಳೇ ಆದ್ದರಿಂದ ಅವನ್ನು ತಿಳಿದರೆ ಸಾಕು.

ಮೊದಲನೆಯದು ಹಳೆಯ ಕ್ರಮ. ಕೂಡಿಸಲು ಒಂದು ನಡೆಯೂ ಉಳಿಯದಾಗ ಆಟ ಮುಗಿಯಿತು. ಇಲ್ಲಿ ಗಡಿಯಾರವಿಲ್ಲ, ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಹಾಸು ಕಟ್ಟಿಕೊಂಡೀತೆಂಬ ಎಚ್ಚರದಲ್ಲಿ ಆಡಬೇಕು. ನಮ್ಮ ಮಣೆಯಲ್ಲಿಯೂ ನಡೆಸಲು ಬೀಜವಿಲ್ಲದಾಗ ಒಂದು ಸುತ್ತು ಮುಗಿಯುವುದಲ್ಲವೆ?

ಎರಡನೆಯದು ಹೊತ್ತಿನೊಡನೆ ಓಟ. ಪರದೆಯ ಮೇಲೊಂದು ಪಟ್ಟಿ ತಾನಾಗಿ ಕುಗ್ಗುತ್ತಿರುತ್ತದೆ. ಕೂಡಿಸಿದಷ್ಟೂ ಅದು ಬೆಳೆಯುತ್ತದೆ. ಪೂರ ಕುಗ್ಗಿದರೆ ಸೋಲು. ಮುಂದೆ ಇದನ್ನೇ ಬಿಗಿಮಾಡಿ ಸರಿಯಾಗಿ ಒಂದು ನಿಮಿಷದ ಆಟವನ್ನೂ ತಂದರು. ಒಂದು ನಿಮಿಷದಲ್ಲಿ ಎಷ್ಟು ತುಂಬಬಹುದೆಂಬುದು ಬಾನುಲಿಯ ಮುಂದೆ ಭಾಷಣ ಓದಿದವರಿಗೆ ಚೆನ್ನಾಗಿ ಗೊತ್ತು. ಚೆನ್ನೆಮಣೆಗೆ ಇಂಥ ಬಗೆಯೇ ಇಲ್ಲ. ಎದುರಿನವಳು ತಡಮಾಡಿದರೆ "ಎಣಿಸಿದ್ದು ಸಾಕು, ಎತ್ತು" ಎನ್ನುವುದೇ ಅಲ್ಲಿಯ ಗಡಿಯಾರ. ಈ ಬಗೆ ಕಣ್ಣಿಗೂ ಬೆರಳಿಗೂ ಚುರುಕು. ಯೋಚನೆಗೆ ಇಲ್ಲಿ ಎಡೆ ಕಡಿಮೆ. ಮಲಗುವ ಹೊತ್ತಿಗೆ ಮಕ್ಕಳಿಗೆ ಹೇಳಿಸಿದ್ದಲ್ಲವೆಂದು ನನ್ನ ಅಭಿಪ್ರಾಯ.

ಮೂರನೆಯದು ಒಗಟು. ಇದರಲ್ಲಿ ಮೇಲಿನಿಂದ ಹೊಸ ಹರಳು ಬೀಳುವುದೇ ಇಲ್ಲ. ಕೊಟ್ಟಿರುವ ಹರಳುಗಳನ್ನೆಲ್ಲ, ಒಂದೂ ಉಳಿಯದಂತೆ, ಕೂಡಿಸಿ ಕಳೆಯಬೇಕು. ಮೊದಲ ನಡೆ ತಪ್ಪಿದರೆ ಕೊನೆಯಲ್ಲಿ ಎರಡು ಹರಳು ಅನಾಥವಾಗಿ ಉಳಿದುಕೊಳ್ಳುತ್ತವೆ. ಗಮನಿಸಿ: ಅದೃಷ್ಟವನ್ನು ಇಲ್ಲಿ ಬಾಗಿಲ ಹೊರಗೆ ನಿಲ್ಲಿಸಿದ್ದಾರೆ. ಎಲ್ಲವೂ ಕಣ್ಣೆದುರಿಗಿದೆ; ಗೆದ್ದರೆ ಗೆಲುವು ತನ್ನದು, ಸೋತರೆ ತಪ್ಪೂ ತನ್ನದು. ಆದ್ದರಿಂದ ನಾಲ್ಕರಲ್ಲಿ ನಮ್ಮ ಮಣೆಗೆ ತೀರ ಹತ್ತಿರವಾದದ್ದು ಇದೇ. ಮಕ್ಕಳೊಡನೆ ಕುಳಿತು ಆಡಬೇಕೆಂದು ನಿಮಗೆ ಮನಸ್ಸಾದರೆ ಈ ಬಗೆಯನ್ನು ಕೇಳಿರಿ. ಫೋನು ಹಿಡಿಯಲು ಬಾರದ ಅಜ್ಜಿಯೂ ಪಕ್ಕದಲ್ಲಿ ಕುಳಿತು "ಅದಲ್ಲ, ಈಚೆಯದು" ಎಂದು ಹೇಳಿಕೊಡಬಹುದು.

ನಾಲ್ಕನೆಯದನ್ನು ಕೊನೆಗೆ ಇಟ್ಟುಕೊಳ್ಳೋಣ. ನಡುವೆ ಈ ನಾಲ್ಕರಲ್ಲಿ ಸೇರದ ಇನ್ನೆರಡು ಬಗೆಗಳಿವೆ. ಮನೆಯ ನೆಮ್ಮದಿಗೆ ಸಂಬಂಧಿಸಿದವು ಅವೇ.

ಒಂದು, ಎದುರಾಳಿಯ ಬಗೆ. ೧೯೮೯ರಲ್ಲಿ ಗೇಮ್ ಬಾಯ್ ಎಂಬ ಜಪಾನಿನ ಅಂಗೈ ಯಂತ್ರದೊಡನೆ ಟೆಟ್ರಿಸ್ ಬಂದಾಗ ಎರಡು ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಿ ಇಬ್ಬರು ಆಡಬಹುದಾಗಿತ್ತು. ಒಬ್ಬನು ಒಂದೇ ಸಲಕ್ಕೆ ಹಲವು ಸಾಲು ಕರಗಿಸಿದರೆ ಇನ್ನೊಬ್ಬನ ಹಾಸಿನಲ್ಲಿ ಅಡಿಯಿಂದ ಸಾಲುಗಳು ಮೇಲೇಳುತ್ತಿದ್ದವು. ತನ್ನ ಲಾಭವೇ ಎದುರಿನವನ ಕಷ್ಟ. ಚೆನ್ನೆಯ ಸ್ವಭಾವವೂ ಅದೇ. ಸೋತವನು ಮುಂದಿನ ಸುತ್ತಿಗೆ ತನ್ನಲ್ಲಿ ಉಳಿದ ಬೀಜದಿಂದ ತುಂಬಿದಷ್ಟೇ ಗುಳಿಗಳನ್ನು ಇಟ್ಟುಕೊಂಡು ಆಡಬೇಕು. ಬಡವನು ಮತ್ತೂ ಬಡವನಾಗುತ್ತ ಹೋಗುತ್ತಾನೆ. ಇದು ಮನಸ್ಸನ್ನು ಎಷ್ಟು ಕೆಣಕೀತೆಂಬುದನ್ನು ಘಟ್ಟದ ಕೆಳಗಿನ ತುಳುವರು ಚೆನ್ನಾಗಿ ಬಲ್ಲರು. ಸಿರಿಯ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡಲು ಕೂರುತ್ತಾರೆ. ಸೋಲುಗೆಲುವಿನಲ್ಲಿ ಮಾತು ಬೆಳೆದು ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ, ತಾನೂ ಬಾವಿಗೆ ಬೀಳುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯ ೧೫,೬೮೩ ಸಾಲುಗಳಷ್ಟು ದೊಡ್ಡದು. ಫಿನ್ಲೆಂಡಿನ ಲೌರಿ ಹೊಂಕೊ ಅವರು ನಮ್ಮ ವಿದ್ವಾಂಸರೊಡನೆ ಸೇರಿ ಅದನ್ನು ೧೯೯೮ರಲ್ಲಿ ಅಚ್ಚುಮಾಡಿಸಿದರು. ಒಡಹುಟ್ಟಿದ ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ನಿಷೇಧ ಆ ಕತೆಯ ಬೆನ್ನಿಗೇ ಇದೆ. ಆಟ ಅದೇ ಇರಲಿ, ಇಂಥವರು ಈ ಬಗೆಯನ್ನು ಆಡಬಾರದು ಎಂಬ ವಿವೇಕ ಹೊಸದೇನಲ್ಲ ಎಂದಾಯಿತು.

ಇನ್ನೊಂದು, ಎಣಿಸಿಕೊಟ್ಟ ನಡೆಗಳ ಬಗೆ. ೨೦೧೨ರಲ್ಲಿ ಬಂದ ಕ್ಯಾಂಡಿ ಕ್ರಶ್ ಸಾಗಾ ಎಂಬ ಆಟ ಇದರಿಂದಲೇ ಪ್ರಸಿದ್ಧವಾಯಿತು. ಒಂದು ಮಜಲಿಗೆ ಇಷ್ಟೇ ನಡೆ. ಅಷ್ಟರಲ್ಲಿ ಹೇಳಿದ ಕೆಲಸ ಮುಗಿಯದಿದ್ದರೆ ಒಂದು ಜೀವ ಹೋಯಿತು. ಜೀವಗಳು ಐದು, ಹೋದ ಒಂದು ಜೀವ ಮರಳಿ ಬರಲು ೩೦ ನಿಮಿಷ ಕಾಯಬೇಕು. ಕೇಳಲು ಇದು ಬಹಳ ಶಿಸ್ತಿನ ಏರ್ಪಾಡಿನಂತೆ ತೋರೀತು. ತೊಡಕಿರುವುದು ಇನ್ನೊಂದೇ ನಡೆಯಲ್ಲಿ ಗೆಲ್ಲುತ್ತಿದ್ದೆನಲ್ಲಾ ಎನ್ನುವ ಗಳಿಗೆಯಲ್ಲಿ. ಆಗಲೇ ಪರದೆಯ ಮೇಲೆ ಒಂದು ಗುಂಡಿ ಮೂಡಿ, ಇನ್ನೈದು ನಡೆ ಬೇಕೆ ಎಂದು ಕೇಳುತ್ತದೆ. ಆಟದೊಳಗಿನ ಚಿನ್ನ ಕೊಟ್ಟರೆ ನಡೆ ಸಿಕ್ಕೀತು. ಆ ಚಿನ್ನ ತೀರಿದರೆ ನಿಜವಾದ ರೂಪಾಯಿ ಕೊಟ್ಟು ಕೊಳ್ಳಬೇಕು. ನಮ್ಮ ಮಣೆಯಲ್ಲಿ ಸೋತವಳು ಬಡವಾಗುತ್ತಿದ್ದಳು, ನಿಜ. ಆದರೆ ಮಣೆಯೇ ಅವಳಿಗೆ ಬೀಜ ಮಾರಲು ಬರುತ್ತಿರಲಿಲ್ಲ. ನಿಮ್ಮ ಫೋನಿಗೆ ಬ್ಯಾಂಕಿನ ಖಾತೆ ಜೋಡಿಸಿದ್ದರೆ, ಮಕ್ಕಳ ಕೈಗೆ ಕೊಡುವ ಮುನ್ನ ಒಂದು ಕೆಲಸ ಮಾಡಿರಿ: ಆಟಗಳನ್ನು ಇಳಿಸಿಕೊಳ್ಳುವ ಅದೇ ಫೋನಿನ ಅಂಗಡಿಯಲ್ಲಿ, ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಇಡುವ ಏರ್ಪಾಡು ಉಂಟು, ಅದನ್ನು ಆರಿಸಿ. ಗುಪ್ತಪದವನ್ನು ಮಗನಿಂದ ಹಾಕಿಸಬೇಡಿ.

ಈಗ ನಾಲ್ಕನೆಯ ಬಗೆ, ಮುಗಿಯದ ಆಟ. ಇದರಲ್ಲಿ ಸೋಲಿಲ್ಲ, ನಡೆ ತೀರದಂತೆ ಯಂತ್ರವೇ ನೋಡಿಕೊಳ್ಳುತ್ತದೆ. ೨೦೧೦ರ ಆವೃತ್ತಿಯಲ್ಲಿ ಇದಕ್ಕೆ 'ಝೆನ್' ಎಂದು ಹೆಸರಿಟ್ಟು, ಉಸಿರಾಟವನ್ನು ತಿದ್ದುವ ಸೂಚನೆಗಳನ್ನೂ ಮೆಲುದನಿಗಳನ್ನೂ ಸೇರಿಸಿದರು. ಜ್ವರ ಬಿಟ್ಟು ಮಲಗಿದವರಿಗೆ, ನಿದ್ದೆ ಬಾರದ ಮುದುಕರಿಗೆ ಇದು ಒದಗೀತು. ನಿಲ್ಲಿಸುವುದನ್ನು ಇನ್ನೂ ಕಲಿಯಬೇಕಾದ ಹುಡುಗನಿಗೆ ಮಾತ್ರ ಇದನ್ನು ಕೊಟ್ಟು, ಮುಗಿಸಿ ಬಾ ಎಂದರೆ ತಪ್ಪು ನಮ್ಮದೇ. ಅದರಲ್ಲಿ ಮುಗಿಯುವುದೆಂಬುದೇ ಇಲ್ಲವಲ್ಲ. "ಹತ್ತು ನಿಮಿಷಕ್ಕೆ ಇಡು" ಎಂದು ಹೇಳಬೇಕು. ಟೆಟ್ರಿಸ್‌ನಲ್ಲಿ ಸಹ ತುಂಡುಗಳು ಬೀಳುತ್ತಲೇ ಇರುವ ಬಗೆಯೊಂದು, ೨೫ ಸಾಲಿಗೆ ಮುಗಿಯುವ ಬಗೆಯೊಂದು ೧೯೮೯ರಲ್ಲೇ ಇದ್ದವು. ಮೊದಲನೆಯದರಲ್ಲಿ ಆಡುವವನೇ ಎಂದಾದರೂ ಸೋಲಬೇಕು, ಯಂತ್ರ ಸೋಲದು ಎಂದು ಬಹುಕಾಲ ಎಲ್ಲರೂ ಎಣಿಸಿದ್ದರು. ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದ ೧೩ ವರ್ಷದ ಹುಡುಗನೊಬ್ಬ ಸುಮಾರು ೩೮ ನಿಮಿಷ ಬಿಡದೆ ಆಡಿದಾಗ ಯಂತ್ರವೇ ಲೆಕ್ಕ ತಪ್ಪಿ ಸ್ತಬ್ಧವಾಯಿತು.

ನಮ್ಮ ಮಣೆಯಲ್ಲಿಯೂ ಮುಗಿಯದ ಆಟವೊಂದುಂಟು. ಸೀತೆಯ ಹೆಸರಿನಲ್ಲಿ ಒಬ್ಬರೇ ಕುಳಿತು ಆಡುವ ಆಟ ಕನ್ನಡ ನಾಡಿನಲ್ಲಿಯೂ ತಮಿಳು ನಾಡಿನಲ್ಲಿಯೂ ಇದೆ. ಅಶೋಕವನದಲ್ಲಿ ಹೊತ್ತು ಕಳೆಯಲು ಸೀತಾದೇವಿ ಆಡಿದ್ದೆಂದು ಜನ ಹೇಳುತ್ತಾರೆ. ಅದರ ಒಂದು ಕ್ರಮವನ್ನು ಈ ಸಂಜೆ ಕರೆಂಟು ಹೋದಾಗ ಮಾಡಿನೋಡಿ. ಮಣೆಯಿಲ್ಲದಿದ್ದರೆ ಹದಿನಾಲ್ಕು ದೊನ್ನೆಗಳನ್ನು ದುಂಡಗೆ ಇಟ್ಟರೂ ಆದೀತು. ೨೮ ಹುಣಸೆಬೀಜ ತೆಗೆದುಕೊಂಡು, ಹಂಚುವ ದಿಕ್ಕಿನಲ್ಲಿ ಏಳು ಗುಳಿಗಳಿಗೆ ಕ್ರಮವಾಗಿ ೭, ೬, ೫, ೪, ೩, ೨, ೧ ಇಡಿ. ಉಳಿದ ಏಳು ಬರಿದಾಗಿರಲಿ. ಏಳು ಇರುವ ಗುಳಿಯನ್ನು ಎತ್ತಿ ಮುಂದಿನ ಏಳಕ್ಕೆ ಒಂದೊಂದು ಹಂಚಿ. ಆರು ಇದ್ದದ್ದು ಏಳಾಯಿತು, ಐದು ಆರಾಯಿತು, ಹೀಗೆ ಒಂದು ಇದ್ದದ್ದು ಎರಡಾಗಿ, ಕೊನೆಯ ಬೀಜ ಬರಿಗುಳಿಗೆ ಬಿತ್ತು. ನೋಡಿದರೆ ಅದೇ ೭, ೬, ೫, ೪, ೩, ೨, ೧ ಒಂದು ಗುಳಿ ಮುಂದಕ್ಕೆ ಸರಿದು ನಿಂತಿದೆ! ಮತ್ತೆ ಏಳನ್ನು ಎತ್ತಿ. ಸಾಲು ಮತ್ತೊಂದು ಗುಳಿ ಸರಿಯುತ್ತದೆ. ಗೆಲ್ಲುವುದಿಲ್ಲ, ಸೋಲುವುದಿಲ್ಲ, ಒಂದು ಬೀಜವೂ ಮಣೆ ಬಿಟ್ಟು ಹೋಗುವುದಿಲ್ಲ. ಹದಿನಾಲ್ಕನೆಯ ಸಲ ಹಂಚಿದಾಗ ಎಲ್ಲ ಬೀಜಗಳೂ ಮೊದಲಿದ್ದ ಗುಳಿಗಳಿಗೇ ಬಂದು ಕೂರುತ್ತವೆ. ಎಣಿಸುವ ಕೆಲಸವನ್ನು ಮೊಮ್ಮಗನಿಗೆ ಕೊಡಿ.